ಮಹಡಿಯ ಇಲಿಗಳಿಗೆ ಅನುದಾನ

ಕೈಗೆ ಒಂದು ಕೆಂಪು ಪೆನ್ನು ಕೊಟ್ಟು, ಎದುರಿಗೆ ಮಾರ್ಕ್ಸ್ ಹಾಕುವ ಹಾಳೆ ಇಟ್ಟುಬಿಟ್ಟರೆ ಎಂಥ ಸಾಧು ಮನುಷ್ಯನೂ ಐದು ನಿಮಿಷದಲ್ಲಿ ಕೆಡುತ್ತಾನೆ ಎನ್ನುವುದು ನನ್ನ ಸ್ವಂತ ಅನುಭವ. ಹುಟ್ಟಿದಾಗಿನಿಂದ ನನಗೆ ಬೇರೆಯವರು ಮಾರ್ಕ್ಸ್ ಹಾಕಿದ್ದೇ ಹೆಚ್ಚು. ಶಾಲೆಯಲ್ಲಿ ಮೇಷ್ಟ್ರು ಹಾಕಿದರು, ಹೆಣ್ಣು ನೋಡಲು ಹೋದಾಗ ಮಾವನವರು ಹಾಕಿದರು, ಮದುವೆಯಾದ ಮೇಲೆ ಗಿರಿಜೆ ದಿನಕ್ಕೆ ಮೂರು ಹೊತ್ತು ಹಾಕುತ್ತಾ ಬಂದಿದ್ದಾಳೆ. ಹೀಗಿರುವಾಗ ಈ ವರ್ಷ ನಮ್ಮೂರಿನ ಪಟ್ಟಣ ಪಂಚಾಯ್ತಿಯವರು ನನ್ನನ್ನು ಕಲಾ ಅನುದಾನ ಸಮಿತಿಗೆ ಸದಸ್ಯನಾಗಿ ತೆಗೆದುಕೊಂಡರು. ಊರಿನ ಕಲಾತಂಡಗಳು ಹಾಕಿದ ಅರ್ಜಿಗಳನ್ನು ಓದಿ, ಮಾರ್ಕ್ಸ್ ಕೊಟ್ಟು, ನಾಲ್ಕು ತಂಡಗಳನ್ನು ಆರಿಸುವುದು ಸಮಿತಿಯ ಕೆಲಸ. ಪತ್ರ ಬಂದ ದಿನ ನಾನು ಕನ್ನಡಿಯ ಮುಂದೆ ನಿಂತು, ಗಲ್ಲಕ್ಕೆ ಕೈಯಿಟ್ಟು, ನಿಧಾನವಾಗಿ ತಲೆ ಅಲ್ಲಾಡಿಸುವುದನ್ನು ಅಭ್ಯಾಸ ಮಾಡಿದ್ದು ಸುಳ್ಳಲ್ಲ.

ನನ್ನನ್ನು ಯಾಕೆ ತೆಗೆದುಕೊಂಡರು ಎಂದು ಕೇಳಬಹುದು. ಸಮಿತಿಯಲ್ಲಿದ್ದ ಒಬ್ಬರು ಬೆನ್ನುನೋವೆಂದು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಆಗ ಯಾರಿಗೋ ನನ್ನ ನೆನಪಾಯಿತು. ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಝೆರಾಕ್ಸ್, ಲ್ಯಾಮಿನೇಷನ್, ಕಂಪ್ಯೂಟರ್ ಟೈಪಿಂಗ್ ಎಲ್ಲ ಉಂಟು. ಮೂಡಿಗೆರೆಗೆ ಹೋಗುವವರು, ಕಳಸದ ಬಸ್ಸು ಕಾಯುವವರು, ದೇವರಮನೆಗೆ ಯಾವ ಕಡೆ ತಿರುಗಬೇಕು ಎಂದು ಕೇಳುವ ಬೈಕಿನವರು, ಎಲ್ಲರೂ ನನ್ನ ಮೆಟ್ಟಿಲು ಹತ್ತಿಯೇ ಮುಂದೆ ಹೋಗಬೇಕು. ಊರಿನ ಕಲಾವಿದರೆಲ್ಲ ಇವನಿಗೆ ಗೊತ್ತು, ಇವನೇ ಸರಿ ಎಂದು ಅವರು ತೀರ್ಮಾನಿಸಿದರು. ಕಲಾವಿದರು ನನಗೆ ಗೊತ್ತಿದ್ದದ್ದು ನಿಜ. ಆದರೆ ಯಾವ ರೀತಿಯಲ್ಲಿ ಗೊತ್ತಿದ್ದರು ಎಂಬುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಿಷಯ ಏನೆಂದರೆ, ಆ ಅರ್ಜಿಯ ಮೂರನೇ ಪುಟದಲ್ಲಿ ‘ಕಲೆಯ ಹಿನ್ನೆಲೆ ಹಾಗೂ ಸಮಾಜಕ್ಕೆ ತಂಡದ ಕೊಡುಗೆ’ ಎಂದು ಬರೆದು ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ಸುಗ್ಗಿ ಕುಣಿತದ ತಂಡದವರು ಬೆಳಗಿನಿಂದ ಸಂಜೆವರೆಗೆ ಕುಣಿ ಎಂದರೆ ಕುಣಿದಾರು, ಆದರೆ ಆ ಖಾಲಿ ಜಾಗ ನೋಡಿದರೆ ಅವರಿಗೆ ಕೈಕಾಲು ಬಿದ್ದುಹೋಗುತ್ತದೆ. ಝೆರಾಕ್ಸಿಗೆ ಬಂದವರು, ನೀವೇ ಏನಾದರೂ ಬರೆದು ಟೈಪ್ ಮಾಡಿಕೊಡಿ ಮಾರಾಯ್ರೆ ಎನ್ನುತ್ತಿದ್ದರು. ನಾನೋ, ಪಿಯುಸಿಯಲ್ಲಿ ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದು ಸ್ಟೀಲ್ ತಟ್ಟೆ ತಂದವನು. ಅಂದಿನಿಂದ ಇಂದಿನವರೆಗೆ ಯಾರೂ ಒಂದು ಪ್ರಬಂಧ ಬರೆದುಕೊಡು ಎಂದು ಕೇಳಿರಲಿಲ್ಲ. ‘ಅನಾದಿ ಕಾಲದಿಂದಲೂ ನಮ್ಮ ಗಿರಿಕಾನನಗಳಲ್ಲಿ ಅನುರಣಿಸುತ್ತಿರುವ ಈ ಭವ್ಯ ಕಲೆಯು ಇಂದು ಅಳಿವಿನ ಅಂಚಿನಲ್ಲಿದ್ದು’ ಎಂದು ಶುರು ಮಾಡಿದೆ ನೋಡಿ, ಕಣ್ಣಲ್ಲಿ ನೀರೇ ಬಂತು. ಮೊದಲನೆಯದನ್ನು ಎರಡು ಗಂಟೆ ಕೂತು ಬರೆದೆ. ಆಮೇಲೆ ಬಂದವರಿಗೆ ಅದೇ ಅರ್ಜಿ ತೆಗೆದು ಕಲೆಯ ಹೆಸರು ಮಾತ್ರ ಬದಲಾಯಿಸಿದೆ. ಹೀಗೆ ಹನ್ನೊಂದು ತಂಡಗಳಾದವು.

ಹನ್ನೆರಡನೆಯದು ಗಿರಿಜೆಯದು. ಅವಳ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎರಡು ವರ್ಷದಿಂದ ಅವಳೂ ಇನ್ನೂ ಐದು ಜನ ಹೆಂಗಸರೂ ಸೇರಿ ವೀರಗಾಸೆ ಕಲಿಯುತ್ತಿದ್ದಾರೆ. ನಮ್ಮ ಮನೆತನದಲ್ಲಿ ವೀರಭದ್ರ ಮನೆದೇವರು, ಮದುವೆ ಮುಂಜಿಗೆ ವೀರಗಾಸೆ ಕುಣಿಸಿದವರೇ ನಾವೆಲ್ಲ. ಆದರೆ ಕುಣಿಸುವುದು ಬೇರೆ, ಮನೆಯವಳೇ ಕಚ್ಚೆ ಕಟ್ಟಿ, ಕಾಲಿಗೆ ಗಗ್ಗರ ತೊಟ್ಟು, ಕತ್ತಿ ಹಿಡಿದು ಕುಣಿಯುವುದು ಬೇರೆ ಎಂದು ನನಗೆ ಒಳಗೊಳಗೇ ಒಂಥರಾ ಆಗುತ್ತಿತ್ತು. ಕಡೂರು ಕಡೆಯಿಂದ ಗುರುಗಳು ಬುಧವಾರ ಬುಧವಾರ ಬಸ್ಸಿನಲ್ಲಿ ಬರುತ್ತಾರೆ. ಅಭ್ಯಾಸ ನಡೆಯುವುದು ನನ್ನ ಅಂಗಡಿಯ ಮಹಡಿಯಲ್ಲಿ, ಹಳೇ ಗೈಡುಗಳ ಬಂಡಲುಗಳ ನಡುವೆ. ಹಿಂದಿನ ಮೆಟ್ಟಿಲಿನಿಂದ ಹತ್ತುತ್ತಾರೆ, ಹಿಂದಿನಿಂದಲೇ ಇಳಿಯುತ್ತಾರೆ. ಆ ಐದು ಜನ ಯಾರು ಯಾರು ಎಂದು ನಾನು ಒಂದು ದಿನವೂ ಹತ್ತಿ ನೋಡಿದವನಲ್ಲ. ಮಧ್ಯಾಹ್ನ ಮೂರಕ್ಕೆ ಮೇಲೆ ಧಡಧಡ ಶುರುವಾದರೆ ಗಿರಾಕಿಗಳು ಕತ್ತೆತ್ತಿ ನೋಡುತ್ತಿದ್ದರು. ಏನು ಸದ್ದು ಅದು ಎಂದು ಕೇಳುತ್ತಿದ್ದರು. ನನ್ನ ಬಾಯಿಗೆ ಮೊದಲ ಸಲ ಬಂದದ್ದು ಇಲಿ. ಮಹಡಿಯಲ್ಲಿ ಇಲಿ ಕಾಟ ಜಾಸ್ತಿಯಾಗಿದೆ ಎಂದೆ. ಆಮೇಲೆ ಅದೇ ರೂಢಿಯಾಯಿತು. ಒಂದು ಬುಧವಾರ ಎಸ್ಟೇಟಿನ ಮೇಸ್ತ್ರಿ ರಾಜಪ್ಪ ಹಾಜರಿ ಪುಸ್ತಕ ಕೊಳ್ಳಲು ಬಂದಿದ್ದವನು ಈ ಮಾತು ಕೇಳಿ ಸುಮ್ಮನೆ ಹೋದ. ಮರುದಿನ ಬಂದು ಒಂದು ದೊಡ್ಡ ಇಲಿ ಬೋನು ತಂದು ಕೌಂಟರಿನ ಮೇಲಿಟ್ಟ. ಎಸ್ಟೇಟಿನ ಗೋಡೌನಿನದು, ಗಟ್ಟಿಮುಟ್ಟಾಗಿದೆ ಎಂದ. ಪಾಪ, ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡೆ.

ಗಿರಿಜೆ ತನ್ನ ಅರ್ಜಿಯನ್ನು ಮೂರು ಸಲ ನನ್ನ ಮುಂದಿಟ್ಟಳು. ಮೂರು ಸಲವೂ ನಾನು, ನಿನ್ನದು ಮನೆಯದೇ ಅಲ್ಲವಾ, ಯಾವಾಗ ಬೇಕಾದರೂ ಬರೆದರಾಯಿತು ಎಂದೆ. ಕೊನೆಯ ದಿನ ಬಂತು. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಸಂಜೆ ಮನೆಗೆ ಹೋದ ಮೇಲೆ ನೆನಪಾಯಿತು. ಅರ್ಜಿ ಎಲ್ಲಿ ಎಂದೆ. ಕೊಟ್ಟಾಯ್ತು ಎಂದಳು. ಯಾರು ಬರೆದರು ಎಂದೆ. ‘ನಂಗೂ ಅಕ್ಷರ ಬರ್ತದೆ’ ಎಂದು ಒಳಗೆ ಹೋದಳು. ಆ ವಾರವೆಲ್ಲ ನನಗೆ ಸಿಕ್ಕ ಕಾಫಿ ಕಾಫಿಯ ಹಾಗೆ ಇತ್ತು, ಅಷ್ಟೇ. ಕುಡಿದವರಿಗೆ ಗೊತ್ತಾಗುತ್ತದೆ. ಹೋದ ವರ್ಷ, ಅದರ ಹಿಂದಿನ ವರ್ಷ, ಎರಡು ಸಲ ಅವರ ಅರ್ಜಿ ಬಿದ್ದುಹೋಗಿತ್ತು. ಗುರುಗಳಿಗೆ ಮಂಡಿ ನೋವು. ಈ ಸಲವೂ ಆಗದಿದ್ದರೆ ತರಗತಿ ನಿಲ್ಲಿಸುವುದೇ ಎಂದು ಅವರು ಮಾತಾಡಿಕೊಂಡಿದ್ದು ನನ್ನ ಕಿವಿಗೆ ಬಿದ್ದಿತ್ತು.

ಸಭೆಯ ದಿನ ಬಂತು. ಅಧ್ಯಕ್ಷರು ನಂಜಪ್ಪ ಮೇಷ್ಟ್ರು, ನನಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವರು. ಪಕ್ಕದಲ್ಲಿ ಎಸ್ಟೇಟಿನ ಮಂಜೇಗೌಡ್ರು. ಮೂರನೆಯವರು ಚಿಕ್ಕಮಗಳೂರಿನಿಂದ ಬಂದಿದ್ದ ಸಂಗೀತದ ವಾಸಂತಿ ಟೀಚರ್. ಪಂಚಾಯ್ತಿಯ ಮುಖ್ಯಾಧಿಕಾರಿ ಮೇಡಂ ಹೊಸಬರು, ನಿಯಮ ಓದಿದರು. ಅರ್ಜಿದಾರರ ಜತೆ ಸಂಬಂಧ ಇರುವ ಸದಸ್ಯರು ಆ ಅರ್ಜಿ ಬಂದಾಗ ಹೊರಗೆ ಹೋಗಬೇಕು. ಕೇಳಲು ಚೆನ್ನಾಗಿತ್ತು. ಮೊದಲ ಅರ್ಜಿ ಭಜನಾ ಮಂಡಳಿಯದು. ಗೌಡ್ರು, ಅದರ ಮುಖ್ಯಸ್ಥ ನಮ್ಮ ಅತ್ತಿಗೆಯ ತಮ್ಮ ಎಂದು ಎದ್ದರು. ಮೇಷ್ಟ್ರು, ನನ್ನ ಶಿಷ್ಯ ಎಂದು ಎದ್ದರು. ನನಗೆ ಅವನ ಅಕ್ಕನನ್ನು ಒಂದು ಕಾಲದಲ್ಲಿ ನೋಡಿದ್ದರು, ಕೂಡಿಬಂದಿರಲಿಲ್ಲ. ಇದು ಸಂಬಂಧವೋ ಅಲ್ಲವೋ ತಿಳಿಯದೆ ನಾನೂ ಎದ್ದೆ. ಒಳಗೆ ವಾಸಂತಿ ಟೀಚರ್ ಒಬ್ಬರೇ ಉಳಿದರು. ಎರಡನೇ ಅರ್ಜಿಗೂ ಹೀಗೇ ಆಯಿತು, ಮೂರನೆಯದಕ್ಕೂ. ನಾವು ಮೂವರೂ ಜಗಲಿಯ ಬೆಂಚಿನ ಮೇಲೆ ಕೂತು ಎರಡು ಸಲ ಕಾಫಿ ಕುಡಿದೆವು. ಒಳಗಿನದೆಲ್ಲ ಕಿಟಕಿಯಲ್ಲಿ ಕೇಳುತ್ತಿತ್ತು. ಕೊನೆಗೆ ಮುಖ್ಯಾಧಿಕಾರಿಗಳು ಹಣೆ ಒರೆಸಿಕೊಂಡು ಹೊರಗೆ ಬಂದು, ಒಂದೇ ಒಲೆಯ ಊಟ ಉಣ್ಣುವವರನ್ನು ಮಾತ್ರ ಸಂಬಂಧ ಎಂದು ಹಿಡಿಯೋಣ, ದಯವಿಟ್ಟು ಒಳಗೆ ಬನ್ನಿ ಎಂದರು. ಸಮಿತಿ ಮತ್ತೆ ಮೊದಲಿನಿಂದ ಶುರು ಮಾಡಿತು.

ಒಲೆಯ ಲೆಕ್ಕದಲ್ಲಿ ನನಗೂ ಹನ್ನೊಂದು ಅರ್ಜಿಗಳಿಗೂ ಏನೂ ಸಂಬಂಧವಿಲ್ಲವಲ್ಲ ಎಂದು ನೆಮ್ಮದಿಯಾಯಿತು. ಗಂಭೀರವಾಗಿ ಓದತೊಡಗಿದೆ. ನಿಜ ಹೇಳುತ್ತೇನೆ, ಓದುತ್ತಾ ಓದುತ್ತಾ ಮೈಮರೆತೆ. ಏನು ಭಾಷೆ, ಏನು ಕಳಕಳಿ, ನಮ್ಮೂರಿನಲ್ಲಿ ಇಂಥ ಬರಹಗಾರರಿದ್ದಾರಾ ಎಂದು ಅರೆಕ್ಷಣ ಅನ್ನಿಸಿಯೂಬಿಟ್ಟಿತು. ಮೂವತ್ತಕ್ಕೆ ಇಪ್ಪತ್ತೆಂಟು ಹಾಕಿದೆ. ಎರಡನೆಯದಕ್ಕೂ ಇಪ್ಪತ್ತೆಂಟು. ಅಷ್ಟರಲ್ಲಿ ವಾಸಂತಿ ಟೀಚರ್ ಕನ್ನಡಕ ತೆಗೆದು, ಇದು ಮಕ್ಕಳ ಚಿತ್ರಕಲಾ ಶಿಬಿರದ ಅರ್ಜಿ ಅಲ್ಲವಾ, ಇದರಲ್ಲಿ ‘ನಮ್ಮ ತಮಟೆಯ ಸದ್ದಿಗೆ ಇಡೀ ಊರೇ ಎದ್ದು ಕುಣಿಯುತ್ತದೆ’ ಎಂದು ಬರೆದಿದೆಯಲ್ಲ ಎಂದರು. ನಾನು ಪೆನ್ನಿನ ಮುಚ್ಚಳ ಬೀಳಿಸಿ ಮೇಜಿನ ಕೆಳಗೆ ಬಗ್ಗಿದೆ. ಮೇಲಿನಿಂದ ಅವರ ಮಾತು ಕೇಳುತ್ತಿತ್ತು. ಹನ್ನೊಂದನ್ನೂ ಒಬ್ಬರೇ ಬರೆದಿದ್ದಾರೆ, ಬರೆದವರು ಈ ಕಲೆಗಳಲ್ಲಿ ಒಂದನ್ನೂ ಕೂತು ನೋಡಿದವರಲ್ಲ ಎಂದರು. ಆ ಮುಚ್ಚಳ ಹುಡುಕಲು ನನಗೆ ಬಹಳ ಹೊತ್ತು ಹಿಡಿಯಿತು.

ಕೊನೆಗೆ ಗಿರಿಜೆಯ ಅರ್ಜಿ ಬಂತು. ಒಂದೇ ಒಲೆ, ಎದ್ದು ಹೊರಗೆ ಹೋದೆ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತೆ. ನನ್ನ ಪ್ರಬಂಧದ ಪ್ರಾಣ ಹೋದದ್ದು ಹಾಗಿರಲಿ, ಇವಳು ಏನು ಬರೆದಿದ್ದಾಳೋ, ಈ ಸಲವೂ ಬಿದ್ದರೆ ನಾನು ಯಾವ ಮುಖ ಹೊತ್ತು ಮನೆಗೆ ಹೋಗಲಿ? ಒಳಗೆ ವಾಸಂತಿ ಟೀಚರ್ ದೊಡ್ಡದಾಗಿ ಓದತೊಡಗಿದರು.

‘ನಾವು ಆರು ಜನ. ಇಬ್ಬರಿಗೆ ಮಾತ್ರ ಹೆಜ್ಜೆ ಸರಿಯಾಗಿ ಬರುತ್ತದೆ. ಆ ಇಬ್ಬರಲ್ಲಿ ನಾನಿಲ್ಲ. ಕಮಲ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಾಳೆ, ತೋಟದ ಕೆಲಸ ಬಿಟ್ಟು ಬುಧವಾರ ಅರ್ಧ ದಿನ ಬರುತ್ತಾಳೆ. ಗುರುಗಳಿಗೆ ಮಂಡಿ ನೋವು, ಈಗ ಕೂತೇ ಹೇಳಿಕೊಡುತ್ತಾರೆ. ಅವರು ಎದ್ದು ತೋರಿಸುವ ಹಾಗಿದ್ದಾಗ ನಾವು ಸರಿಯಾಗಿ ನೋಡಿಕೊಳ್ಳಲಿಲ್ಲ. ಕುಣಿತದ ನಡುವೆ ವೀರಭದ್ರನ ಒಡಪು ಕೂಗಿ ಹೇಳಲು ನನಗೆ ಮೊದಲು ನಾಚಿಕೆಯಾಗುತ್ತಿತ್ತು. ಈಗ ಗಂಟಲು ಬಿಟ್ಟು ಹೇಳುತ್ತೇನೆ. ಆದರೆ ನಾವು ಅಭ್ಯಾಸ ಮಾಡುವುದು ನಮ್ಮ ಯಜಮಾನರ ಅಂಗಡಿಯ ಮಹಡಿಯಲ್ಲಿ. ಅವರು ಗಿರಾಕಿಗಳಿಗೆ ಅದು ಇಲಿ ಎಂದು ಹೇಳುತ್ತಾರೆ. ಆದ್ದರಿಂದ ನಾವು ಮೆಲ್ಲಗೆ ಕುಣಿಯುತ್ತೇವೆ. ವೀರಗಾಸೆಯನ್ನು ಮೆಲ್ಲಗೆ ಕುಣಿಯಲು ಬರುವುದಿಲ್ಲ. ನಮಗೆ ಜೋರಾಗಿ ಕುಣಿಯಲು ಒಂದು ಜಾಗ ಬೇಕು.’

ಒಳಗೆ ಗೌಡ್ರು ನಕ್ಕರು. ಅವರ ನಗು ಕಿಟಕಿಯಲ್ಲಿ ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂತಿತು. ನನಗೆ ಕೇಳುತ್ತಿದ್ದ ಆ ಧಡಧಡ ಗಿರಿಜೆಯ ತಂಡದ ಮೆಲ್ಲಗಿನ ಸದ್ದು ಎಂದು ನನಗೆ ತಿಳಿದೇ ಇರಲಿಲ್ಲ. ಎರಡು ವರ್ಷದಿಂದ ನನ್ನ ತಲೆಯ ಮೇಲೆ ಆರು ಹೆಂಗಸರು ನನ್ನ ಮರ್ಯಾದೆ ಉಳಿಸಲು ತುದಿಗಾಲಲ್ಲಿ ವೀರಗಾಸೆ ಕುಣಿದಿದ್ದರು.

ಒಳಗೆ ಕರೆದಾಗ ನಾನು ಕೂರಲಿಲ್ಲ. ಆ ಹನ್ನೊಂದನ್ನು ಬರೆದವನು ನಾನು ಎಂದು ಹೇಳಿದೆ. ಮುಖ್ಯಾಧಿಕಾರಿಗಳು ನಿಯಮದ ಪುಸ್ತಕ ತಿರುವತೊಡಗಿದರು. ನಂಜಪ್ಪ ಮೇಷ್ಟ್ರು ಮಾತ್ರ ತಲೆಯೆತ್ತದೆ, ‘ಕೂತ್ಕೋ ಪಂಚಾಕ್ಷರಿ. ನಿನ್ನ ಅನಾದಿ ಕಾಲವನ್ನ ನಾನು ಎಂಟನೇ ಕ್ಲಾಸಿಂದ ಓದ್ತಾ ಇದೀನಿ’ ಎಂದರು. ಹಾಗಾದರೆ ಆ ತಂಡಗಳ ಗತಿ ಏನು, ತಪ್ಪು ಅವರದಲ್ಲವಲ್ಲ ಎಂದು ನಾನು ಗೋಗರೆದೆ. ಆಗ ಗೌಡ್ರು ದಾರಿ ತೋರಿಸಿದರು. ಪಾರ್ಚ್‌ಮೆಂಟ್ ಕಾಫಿ ಒಣಗಿದೆಯೋ ಇಲ್ಲವೋ ನೋಡಲು ಅವರು ಮೂಟೆಯ ಮೇಲಿನ ಚೀಟಿ ಓದುವವರಲ್ಲ. ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚುತ್ತಾರೆ. ‘ಕಾಗದ ಬದಿಗಿಡಿ ಮೇಡಂ, ಎಲ್ಲರನ್ನೂ ಕರ್ಸಿ. ಕಚ್ಚಿ ನೋಡುವ’ ಎಂದರು. ಮುಂದಿನ ಶುಕ್ರವಾರ ಹನ್ನೆರಡೂ ತಂಡಗಳು ಪಂಚಾಯ್ತಿಯ ಅಂಗಳಕ್ಕೆ ಬಂದು ಹಾಡಿದವು, ಕುಣಿದವು, ಚಿತ್ರದ ಮಕ್ಕಳು ಗೌಡ್ರ ಮೀಸೆ ಬರೆದರು. ನನ್ನನ್ನು ಮಾರ್ಕ್ಸ್ ಹಾಕುವುದರಿಂದ ಬಿಡಿಸಿ ಕುರ್ಚಿ ಜೋಡಿಸಲು ಹಚ್ಚಿದ್ದರು. ಅದರಲ್ಲಿ ನನಗೆ ಒಳ್ಳೆಯ ಹೆಸರು ಬಂತು.

ಆವತ್ತು ಗಿರಿಜೆ ಕುಣಿದದ್ದನ್ನು ಮೊದಲ ಸಲ ನೋಡಿದೆ. ಹೆಜ್ಜೆ ಎರಡು ಕಡೆ ತಪ್ಪಿತು, ಅವಳೇ ಬರೆದಿದ್ದಳಲ್ಲ. ಆದರೆ ಒಡಪು ಹೇಳಿದಾಗ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ಸಂತೋಷವೋ ಹೆದರಿಕೆಯೋ, ನಾನು ಜೋಡಿಸಿದ ಕುರ್ಚಿಗಳನ್ನೇ ಮತ್ತೆ ಜೋಡಿಸಿದೆ. ಆರಿಸಿದ ನಾಲ್ಕರಲ್ಲಿ ಅವರದು ಮೊದಲು. ಒಂದು ಷರತ್ತು ಮಾತ್ರ ಹಾಕಿದರು. ಬೇರೆ ಜಾಗಕ್ಕೆ ಬಾಡಿಗೆ ಕೊಡಲಾಗದು, ಜಾಗ ಇದ್ದೇ ಇದೆ, ಯಜಮಾನರಿಂದ ಒಪ್ಪಿಗೆ ಪತ್ರ ತನ್ನಿ. ನಾನು ಅಂದೇ ಕೂತು ಒಂದು ಪುಟ ಟೈಪ್ ಮಾಡಿದೆ. ಗಿರಿಜೆ ಓದಿದಳು. ನನ್ನ ಜೇಬಿನಿಂದಲೇ ಕೆಂಪು ಪೆನ್ನು ತೆಗೆದು ಮೇಲಿನಿಂದ ಕೆಳಗೆ ಗೀಚುತ್ತಾ ಬಂದಳು. ಎರಡೇ ಸಾಲು ಉಳಿದವು. ‘ನನ್ನ ಅಂಗಡಿಯ ಮಹಡಿಯಲ್ಲಿ ಇಲಿಗಳಿಲ್ಲ. ನನ್ನ ಹೆಂಡತಿ ಮತ್ತು ಅವಳ ತಂಡದವರು ಅಲ್ಲಿ ಜೋರಾಗಿ ಕುಣಿಯಬಹುದು.’ ಸಹಿ ಹಾಕಿದೆ. ಎಷ್ಟು ಮಾರ್ಕ್ಸ್ ಎಂದು ಕೇಳಿದೆ. ಪಾಸು ಎಂದಳು. ಅವತ್ತಿನ ಕಾಫಿ ಚೆನ್ನಾಗಿತ್ತು.

ಈಗ ಬುಧವಾರ ಮೂರು ಗಂಟೆಗೆ ಸೂರಿನ ಸುಣ್ಣ ಉದುರಿ ಝೆರಾಕ್ಸ್ ಮಷಿನ್ನಿನ ಮೇಲೆ ಬೀಳುತ್ತದೆ. ಆಧಾರ್ ಕಾರ್ಡಿನ ಕಾಪಿಗಳಲ್ಲಿ ಎಲ್ಲರ ಮುಖದ ಮೇಲೂ ಚುಕ್ಕಿ. ಯಾರಾದರೂ ಕತ್ತೆತ್ತಿದರೆ, ಅವರು ಕೇಳುವ ಮೊದಲೇ ನಮ್ಮನೆಯವರು ವೀರಗಾಸೆ ಕಲಿಯುತ್ತಿದ್ದಾರೆ ಎಂದು ಹೇಳಿಬಿಡುತ್ತೇನೆ. ಮೊನ್ನೆ ಮೇಸ್ತ್ರಿ ರಾಜಪ್ಪ ಬಂದಿದ್ದ. ಅವನ ಬೋನನ್ನು ಒರೆಸಿ ಕೈಗೆ ಕೊಟ್ಟು, ತಪ್ಪಾಯ್ತು ಮಾರಾಯ, ಮೇಲೆ ಇಲಿ ಇರಲಿಲ್ಲ, ನಮ್ಮನೆಯವರು ಕುಣಿಯುತ್ತಿದ್ದರು ಎಂದು ಒಪ್ಪಿಕೊಂಡೆ.

‘ಗೊತ್ತು ಸಾರ್’ ಎಂದ ರಾಜಪ್ಪ, ಬೋನಿನ ಬಾಗಿಲನ್ನು ಒಂದು ಸಲ ತೆರೆದು ಮುಚ್ಚಿ ನೋಡುತ್ತಾ. ‘ಮೇಲೆ ಕುಣಿಯೋ ಕಮಲ ನನ್ನ ಹೆಂಡ್ತಿ. ನೀವು ಇಲಿ ಅಂದ್ರಿ ಅಂತ ತಂದಿಟ್ಟೆ.’