ಚಾಂದನಿಗೆ ಹತ್ತಿಯ ಮೈ

ಪಕ್ಕೆಲುಬುಗಳು ಕಾಣುತ್ತಿವೆಯೋ, ಇಲ್ಲ ಬೆಳಗಿನ ಓರೆ ಬಿಸಿಲು ಹಾಗೆ ತೋರಿಸುತ್ತಿದೆಯೋ? ಮಚ್ಚೇಂದ್ರ ಮತ್ತೊಮ್ಮೆ ತನ್ನ ಕುದುರೆ ಚಾಂದನಿಯ ಸುತ್ತ ಬಂದ. ಕೈಯಿಟ್ಟರೆ ಎಲುಬುಗಳು ಸಿಗುತ್ತಿದ್ದವು. ಕೈ ತೆಗೆದರೆ ಅನುಮಾನ ಉಳಿಯುತ್ತಿತ್ತು.

ಹುಮನಾಬಾದಿನ ಗುರುನಾಥ ಸಾಹುಕಾರರು ಮಗನ ಮದುವೆ ಮೆರವಣಿಗೆಗೆ ಕುದುರೆ ನೋಡಲು ಮಧ್ಯಾಹ್ನ ಬಸವಕಲ್ಯಾಣಕ್ಕೆ ಬರುವವರಿದ್ದರು. ಒಮ್ಮೆ ಮದುವೆ ಕುದುರೆ ಎಂದು ಹೆಸರಾದರೆ ಸಾಕು, ಚಾಂದನಿಗೆ ಈ ಬೇಸಿಗೆ ಇಟ್ಟಿಗೆ ಗಾಡಿ ತಪ್ಪುತ್ತಿತ್ತು.

"ಇದು ಕುದುರಿನೋ, ಗ್ವಾಡಿಗಿ ಆನಿಸಿದ ನಿಚ್ಚಣಿಕಿನೋ?" ಪಕ್ಕದ ಮನೆಯ ಮೊಹಿನುದ್ದೀನ್ ಕೇಳಿದ. ಗಾದಿ ಹೊಲಿಯುವುದು ಅವನ ಕಸುಬು.

"ದುಡಿಯೋ ಕುದುರಿ ಹಿಂಗೇ ಇರಬೇಕಂತ ದನದ ಡಾಕ್ಟರ್ ಹೇಳ್ಯಾರ, ಮೊಹಿನ್ ಭಾಯ್."

"ಡಾಕ್ಟರ್ ಬಂದು ಬರಾತಿನ್ಯಾಗ ಕುಣಿತಾನೇನು? ಮೆರವಣಿಗಿ ಕುದುರಿ ಅಂದ್ರ ಹಿಂಗ ತುಂಬಿರಬೇಕು." ಅವನು ತನ್ನ ಹೊಟ್ಟೆ ತಟ್ಟಿ ತೋರಿಸಿದ.

"ಇದ್ದದ್ದು ಇದ್ದಂಗ ತೋರಸ್ರಿ," ಎಂದಳು ಮಚ್ಚೇಂದ್ರನ ಹೆಂಡತಿ ಮೀರಾಬಾಯಿ. ಯಾರೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಚಾಂದನಿಯ ಎರಡೂ ಪಕ್ಕಕ್ಕೆ ಹತ್ತಿ ಗಾದಿ ಬಿಗಿದು, ಮೇಲೆ ಕೊರಳಿಂದ ಬಾಲದವರೆಗೆ ಜರಿಯ ಜೂಲು ಹೊದಿಸಿದರು. ಹಬ್ಬದ ಹಂಡೆಗೆ ನಾಲ್ಕು ಕಾಲು ಬಂದಂತಾಯಿತು. ಓಣಿಯ ಸಂದಿಯಲ್ಲಿ ಅದು ಸಿಕ್ಕಿಕೊಂಡಿತು. ಇಬ್ಬರೂ ಹಿಂದಿನಿಂದ ದಬ್ಬುವಷ್ಟರಲ್ಲಿ ಸಾಹುಕಾರರ ಕಾರು ಬಂದು ನಿಂತೇಬಿಟ್ಟಿತು.

ಮೊಹಿನುದ್ದೀನನೇ ಬಾಯಿ ತೆರೆದ. "ಖಾಸ್ ಮೆರವಣಿಗಿ ಕುದುರಿ ಸಾಹುಕಾರ್ರ. ಹುಟ್ಟಿದಾಗಿಂದ ಗಾಡಿ ಮುಟ್ಟಿಲ್ರಿ."

ಗುರುನಾಥರ ಮುಖ ಇಳಿಯಿತು.

"ದೊಡ್ಡ ಮಗನ ಮದಿವ್ಯಾಗ ಇಂಥದೇ ತಂದಿದ್ವಿ. ಏದುಸಿರು ಬಿಟ್ಟು, ಮದಿಮಗನ್ನ ಹೊತ್ಕೊಂಡೇ ನಡುರಸ್ತ್ಯಾಗ ಕುಂತುಬಿಡ್ತು. ಬೀಗರು ಇನ್ನಾ ನಗಾಕತ್ತಾರ. ಈ ಸಲ ದುಡಿಯೋ ಕುದುರಿನೇ ಬೇಕ್ರಿ. ನಿನ್ನಿ ಮೋರಖಂಡಿ ಹಾದ್ಯಾಗ ಒಂದು ಇಟ್ಟಂಗಿ ಗಾಡಿ ಜಗ್ಗಾಕತ್ತಿತ್ತು. ಕೊಬ್ಬಿಲ್ಲ, ಸೊರಗಿಲ್ಲ, ಏನು ಮೈಕಟ್ಟು ಅದರದು. ಹೊಡಿಯಾಂವ ಮಾರಿಗಿ ಟಾವೆಲ್ ಸುತ್ತಿದ್ದ, ಗುರ್ತು ಸಿಗಲಿಲ್ಲ. ಇದೇ ಓಣ್ಯಾಗ ಕೇಳ್ರಿ ಅಂದ್ರು. ಯಾರ ಕುದುರಿರಿ ಅದು?"

ಮೀರಾಬಾಯಿ ಗಂಡನ ಬೆನ್ನು ಚಿವುಟಿದಳು. ಮೊಹಿನುದ್ದೀನ್ ಆಕಾಶ ನೋಡಿದ. ಜೂಲು ಎತ್ತಿದರೆ ಕುದುರೆ ಸಿಗುತ್ತಿತ್ತು, ಅದಕ್ಕಿಂತ ಮೊದಲು ಹತ್ತಿ ಸಿಗುತ್ತಿತ್ತು. ಮಚ್ಚೇಂದ್ರ ಜೂಲಿನ ಅಂಚನ್ನು ಇನ್ನಷ್ಟು ಕೆಳಗೆಳೆದ.

"ಇರ್ಲಿ, ಹುಡುಕ್ತೀವ್ರಿ," ಎಂದು ಗುರುನಾಥರು ಕಾರು ಹತ್ತಿದರು. ಕಾರು ಮುಂದಿನ ಓಣಿಗೆ ತಿರುಗಿತು.

ಆ ಕುದುರೆ ಇದೇ ಎಂದು ಮಚ್ಚೇಂದ್ರ ಹೇಳಲಿಲ್ಲ.