ಚಾಕಲೇಟು ಬಿಟ್ಟವರ ಪಟ್ಟಿ

೧೯೬೩ನೆಯ ಇಸವಿ ಜುಲೈ ಒಂದನೆಯ ತಾರೀಖಿನಿಂದ ಜಯನಗರದ ಗೃಹಿಣಿಯರು ಮನೆಯಲ್ಲಿ ಕೇಕು ಮಾಡುವಾಗ ಚಾಕಲೇಟು ಬಿಟ್ಟು ಕ್ಯಾರಬ್ ಬಳಸತಕ್ಕದ್ದೆಂದು ಸರ್ಕಾರ ತೀರ್ಮಾನಿಸಿತು. ಜಯನಗರದ ಗೃಹಿಣಿಯರು ಕೇಕನ್ನೇ ಮಾಡುತ್ತಿರಲಿಲ್ಲ ಎಂಬ ಸಂಗತಿ ಆ ಹೊತ್ತಿಗೆ ಯಾವ ಕಡತಕ್ಕೂ ಬಂದಿರಲಿಲ್ಲ. ಕಡತಕ್ಕೆ ಬಾರದ ಸಂಗತಿಯನ್ನು ಸರ್ಕಾರ ಗಮನಿಸುವಂತಿಲ್ಲವಾದ್ದರಿಂದ ಇದರಲ್ಲಿ ಯಾರ ತಪ್ಪೂ ಇಲ್ಲ.

ಉದ್ದೇಶ ಒಳ್ಳೆಯದೇ. ಕೋಕೋ ಹೊರದೇಶದಿಂದ ಬರಬೇಕು, ಅದಕ್ಕೆ ವಿದೇಶಿ ವಿನಿಮಯ ಬೇಕು, ಅದಕ್ಕೆ ಆಗ ಬಹಳ ತತ್ವಾರ. ಕ್ಯಾರಬ್ ಎಂದರೆ ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಬೆಳೆಯುವ ಒಂದು ಮರದ ಕಾಯಿ. ನೋಡುವುದಕ್ಕೆ ಒಣಗಿದ ಹುಣಸೆಕಾಯಿಯ ಹಾಗೆ. ಹುರಿದು ಪುಡಿ ಮಾಡಿದರೆ ಥೇಟು ಕೋಕೋ ಬಣ್ಣ. ಸಕ್ಕರೆ ಬೆರೆಸದಿದ್ದರೂ ಸಿಹಿ. ಅದೂ ಹೊರದೇಶದಿಂದಲೇ ಬರಬೇಕಾಗಿತ್ತು. ಆದರೆ ಅದರ ಕಡತ ಬೇರೆ ಬೀರುವಿನಲ್ಲಿದ್ದುದರಿಂದ ಉಳಿತಾಯವೆಂದೇ ಪರಿಗಣಿಸಲಾಯಿತು.

ನಾಲ್ಕನೆಯ ಬ್ಲಾಕಿನಲ್ಲಿ ಒಂದು ಮನೆಯ ಮುಂಭಾಗ ಬಾಡಿಗೆಗೆ ಹಿಡಿದು ‘ಚಾಕಲೇಟು ಪರ್ಯಾಯ ಪ್ರಚಾರ ಕಚೇರಿ’ ತೆರೆದರು. ಗೌರೀಶಂಕರ ಅಧಿಕಾರಿ, ಸೇತುರಾಮ ಗುಮಾಸ್ತ, ಒಳಕೋಣೆಯಲ್ಲಿ ಹನ್ನೆರಡು ಮೂಟೆ ಕ್ಯಾರಬ್ ಪುಡಿ.

ಸೇತುರಾಮನಿಗೆ ಚಾಕಲೇಟಿನ ಮೇಲೆ ದ್ವೇಷವಾಗಲಿ ಕ್ಯಾರಬ್ಬಿನ ಮೇಲೆ ಮೋಹವಾಗಲಿ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕಾಯಂ ಕೆಲಸ. ಹನ್ನೊಂದು ವರ್ಷದಿಂದ ಹಂಗಾಮಿ. ಮೂರು ಕಚೇರಿಗಳು ಅವನ ಕಣ್ಣೆದುರೇ ಬಾಗಿಲು ಹಾಕಿದ್ದವು. ಇಲಿ ನಿರ್ಮೂಲನದ್ದು ಇಲಿಗಳು ಮುಗಿಯುವ ಮೊದಲೇ ಮುಚ್ಚಿತು. ಸಾಬೂನು ವಿತರಣೆಯದು ಸಾಬೂನು ಬರುವ ಮೊದಲೇ ಮುಚ್ಚಿತು. ಮೂರನೆಯದು ಏತಕ್ಕಾಗಿ ಇತ್ತೆಂಬುದು ಮುಚ್ಚಿದ ಮೇಲೂ ತಿಳಿಯಲಿಲ್ಲ. ಹಂಗಾಮಿ ನೌಕರರಿಗೆ ಸೈಟಿನ ಅರ್ಜಿ ಫಾರಮ್ಮನ್ನೇ ಕೊಡುತ್ತಿರಲಿಲ್ಲ. ಅವನ ಹೆಂಡತಿ ವಾರಿಜಾ ಮದುವೆಯಾದ ದಿನದಿಂದ ಚಾಮರಾಜಪೇಟೆಯ ವಠಾರದಲ್ಲಿ ಏಳು ಸಂಸಾರಗಳ ಜೊತೆ ಒಂದು ನಲ್ಲಿಗೆ ಸರದಿ ನಿಂತಿದ್ದಳು. ಈಗ ಆದೇಶ ಸ್ಪಷ್ಟವಾಗಿತ್ತು: ಮಾರ್ಚ್ ಮೂವತ್ತೊಂದರೊಳಗೆ ನೂರು ಮನೆಗಳು ಚಾಕಲೇಟು ಬಿಟ್ಟರೆ ಸೇತುರಾಮ ಕಾಯಂ, ಬಿಡದಿದ್ದರೆ ಕಚೇರಿ ಬಂದ್.

ತೊಡಕು ಬಂದದ್ದು ಏಳನೆಯ ನಿಯಮದಿಂದ. “ಪರ್ಯಾಯವೆಂದರೆ ಒಂದರ ಬದಲಿಗೆ ಬಳಸುವ ಇನ್ನೊಂದು. ಆದಕಾರಣ ಚಾಕಲೇಟು ಬಳಸುತ್ತಿರುವ ಮನೆಗೆ ಮಾತ್ರ ಕ್ಯಾರಬ್ ಕೊಡತಕ್ಕದ್ದು. ಬಳಸದ ಮನೆಗೆ ಕೊಟ್ಟಲ್ಲಿ ಅದು ಪರ್ಯಾಯವಾಗದೆ ಬರೀ ತಿಂಡಿಯಾಗುತ್ತದೆ.”

ಸೇತುರಾಮ ನಾನೂರು ಮನೆ ಸುತ್ತಿದ. ಚಪ್ಪಲಿ ಸವೆಯಿತು, ಚಾಕಲೇಟು ಸಿಗಲಿಲ್ಲ. ಮೂರನೆಯ ಬ್ಲಾಕಿನ ಸರಸ್ವತಿಯವರೊಬ್ಬರು ಮಾತ್ರ, ಯಜಮಾನರು ಮಿಲಿಟರಿಯಲ್ಲಿದ್ದಾಗ ಕಲಿತದ್ದೆಂದು, ಮೊಸರು ಸೋಡ ಹಾಕಿ ಮೊಟ್ಟೆಯಿಲ್ಲದ ಚಾಕಲೇಟು ಕೇಕು ಮಾಡುತ್ತಿದ್ದರಂತೆ. ಅಂಗಡಿಯಲ್ಲಿ ಕೋಕೋ ಸಿಗದೆ ಹೋದ ವರ್ಷವೇ ನಿಲ್ಲಿಸಿಬಿಟ್ಟಿದ್ದರು. ಸೇತುರಾಮನಿಗೆ ಹೋದ ಜೀವ ಬಂದಂತಾಯಿತು. ಆದರೆ ಆಕೆಯ ಹೆಸರಿನಲ್ಲಿ ಬರೆದುಕೊಟ್ಟ ಅರ್ಜಿಯನ್ನು ಗೌರೀಶಂಕರ ತಿರಸ್ಕರಿಸಿದ. ಆಕೆ ಬಿಟ್ಟಿದ್ದು ಜುಲೈ ಒಂದಕ್ಕೆ ಮೊದಲು, ಅದೂ ಕಚೇರಿಯ ಅನುಮತಿ ಇಲ್ಲದೆ.

ಕೊನೆಗೆ ಯಡಿಯೂರಿನ ಹಳೆಯ ಮನೆಗಳ ಕಡೆ ಹೋಗಿ ಅಕ್ಕಯಮ್ಮನ ಜಗಲಿಯ ಮೇಲೆ ಕೂತ. ಹೊಲವೆಲ್ಲ ಬಡಾವಣೆಗೆ ಹೋದಮೇಲೆ ಆಕೆಗೆ ಉಳಿದದ್ದು ಮೂರು ಬಾಡಿಗೆ ಮನೆ, ಕೆಂಪಿ ಎಂಬ ಒಂದು ಹಸು.

“ಅಮ್ಮಾ, ಒಂದ್ ಹದಿನೈದ್ ದಿನ ಚಾಕಲೇಟು ತಿನ್ನಿ ಸಾಕು. ಆಮೇಲೆ ಬಿಟ್ಬಿಡಿ,” ಎಂದ ಸೇತುರಾಮ.

“ಬಿಡೋದಾದ್ರೆ ಯಾಕ್ ಸಾಮಿ ಹಿಡೀಬೇಕು?” ಎಂದಳು ಅಕ್ಕಯಮ್ಮ.

ಈ ಪ್ರಶ್ನೆಯನ್ನು ಸೇತುರಾಮ ಯಥಾವತ್ತಾಗಿ ಬರೆದು ಮೇಲಿನ ಕಚೇರಿಗೆ ಕಳಿಸಿದ. ಪ್ರಶ್ನೆಗೆ ಉತ್ತರ ಬರಲಿಲ್ಲ, ಚಾಕಲೇಟು ಬಂತು. ಬಿಡುವುದಕ್ಕೆ ಅನುಕೂಲವಾಗುವಂತೆ ನೂರು ಮನೆಗಳಿಗೆ ಮೊದಲು ಚಾಕಲೇಟಿನ ಅಭ್ಯಾಸ ಮಾಡಿಸತಕ್ಕದ್ದೆಂದೂ, ಅದಕ್ಕಾಗಿ ವಿಶೇಷ ವಿದೇಶಿ ವಿನಿಮಯ ಮಂಜೂರಾಗಿದೆಯೆಂದೂ ಜೊತೆಯ ಪತ್ರದಲ್ಲಿತ್ತು. ಡಬ್ಬಿಗಳ ಮೇಲೆ ‘ತ್ಯಾಗಪೂರ್ವ ಬಳಕೆಗೆ ಮಾತ್ರ’ ಎಂದು ಮೊಹರು ಒತ್ತಿದ್ದರು. ಹತ್ತು ಡಬ್ಬಿಗಳು, ಗುಣಮಟ್ಟದ ಮೇಲೆ ನಿಗಾ ಇಡುವ ಸಲುವಾಗಿ, ಗೌರೀಶಂಕರನ ಮನೆಗೆ ಹೋದವು. ಅವನ ಮಕ್ಕಳು ಬಹಳ ಕಟ್ಟುನಿಟ್ಟಾಗಿ ನಿಗಾ ಇಟ್ಟರು.

ಸಾರ್ವಜನಿಕ ಪ್ರಕಟಣೆ ಹೊರಟಿತು: “ಚಾಕಲೇಟು ಬಿಡಲಿಚ್ಛಿಸುವವರು ಚಾಕಲೇಟಿಗಾಗಿ ಪಾತ್ರೆಯೊಡನೆ ಬರತಕ್ಕದ್ದು.” ಸರಸ್ವತಿಯವರನ್ನೇ ಬೋಧಕಿಯಾಗಿ ನೇಮಿಸಿದರು. ಇದ್ದಿಲ ಒಲೆಯ ಮೇಲೆ ಮರಳು ಹಾಸಿದ ಬಾಣಲೆ, ಅದರೊಳಗೆ ಕೇಕಿನ ತಟ್ಟೆ, ಮುಚ್ಚಳದ ಮೇಲೆ ನಾಲ್ಕು ಕೆಂಡ. ಕ್ಯಾರಬ್ಬಿನ ಪಾಠವನ್ನೂ ಆಕೆ ಪ್ರಾಮಾಣಿಕವಾಗಿಯೇ ಹೇಳಿಕೊಟ್ಟರು: ಕೋಕೋ ಎಷ್ಟೋ ಇದೂ ಅಷ್ಟೇ, ಸಕ್ಕರೆ ಕಡಿಮೆ, ಕೆಂಡವೂ ಕಡಿಮೆ, ಇಲ್ಲದಿದ್ದರೆ ಬೇಗ ಸೀಯುತ್ತದೆ. ರುಚಿ ಹೇಗೆಂದು ಹೆಂಗಸರು ಕೇಳಿದಾಗ ಆಕೆ, ಚೆನ್ನಾಗಿಯೇ ಇದೆ, ಚಾಕಲೇಟಲ್ಲ ಅಷ್ಟೆ, ಎಂದರು.

ಹದಿನೈದು ದಿನ ಜಯನಗರದ ಬೀದಿಗಳಲ್ಲಿ ಒಗ್ಗರಣೆಯ ವಾಸನೆಯೇ ಏಳಲಿಲ್ಲ. ಹದಿನಾರನೆಯ ದಿನ ಬೆಳಿಗ್ಗೆ ಸೇತುರಾಮ ‘ಬಿಟ್ಟಿದ್ದೇವೆ’ ಎಂಬ ನೂರು ಫಾರಂ ಹಿಡಿದು ಹೊರಟ. ಸಂಜೆ ‘ಇನ್ನೂ ಹದಿನೈದು ದಿನ ಬೇಕು’ ಎಂಬ ತೊಂಬತ್ತೊಂಬತ್ತು ಅರ್ಜಿ ಹಿಡಿದು ವಾಪಸು ಬಂದ. ಕೊಟ್ಟರು. ಆಮೇಲೆ ಮತ್ತೊಂದು ಹದಿನೈದು. ಹೀಗೆ ಫೆಬ್ರವರಿಯಾಯಿತು. ಬಾಣಲೆಯ ಮರಳು ಕರಿದಾಯಿತು, ಕ್ಯಾರಬ್ ಮೂಟೆಗಳು ಮಾತ್ರ ಇದ್ದಲ್ಲೇ ಇದ್ದವು. ಸೇತುರಾಮನಿಗೆ ಅನ್ನ ಸೇರದೆ ಹೋಯಿತು. ಇನ್ನೊಂದು ಕಚೇರಿಯ ಬೋರ್ಡನ್ನು ಇಳಿಸಿ ಗೋಡೆಗೆ ಒರಗಿಸುವ ಶಕ್ತಿ ತನಗಿಲ್ಲವೆಂದು ಅವನು ವಾರಿಜಾಳ ಮುಂದೆ ಹೇಳಿ ಅತ್ತೂಬಿಟ್ಟ.

ಅಂಥ ಹೊತ್ತಿನಲ್ಲಿ, ಅರ್ಜಿ ಕೊಡದೆ ಉಳಿದಿದ್ದ ನೂರನೆಯ ಮನೆಯ ಅಕ್ಕಯಮ್ಮ ಖಾಲಿ ಚೀಲ ಹಿಡಿದು ಬಂದಳು. ಪಾಠದ ದಿನ ಚಾಕಲೇಟಿನ ಜೊತೆ ಮಾದರಿಗೆಂದು ಕೊಟ್ಟ ಕಂದು ಪುಡಿ ತೀರಿತು, ಇನ್ನೊಂದಿಷ್ಟು ಬೇಕು, ಎಂದಳು. ಕ್ಯಾರಬ್ ಬೇಕೆಂದು ಬಾಯಿಬಿಟ್ಟು ಕೇಳಿದವರು ರಾಜ್ಯದಲ್ಲೇ ಆಕೆ ಮೊದಲು. ಸೇತುರಾಮ ಕುರ್ಚಿಯಿಂದ ಎದ್ದು ನಿಂತ.

ವಿಚಾರಿಸಿದರೆ ವಿಷಯ ಇಷ್ಟು. ಯಡಿಯೂರಿಗೆ ಅದುವರೆಗೆ ಸರ್ಕಾರದಿಂದ ಪುಕ್ಕಟೆಯಾಗಿ ಬಂದ ಪುಡಿಗಳೆಲ್ಲ ದನಗಳವೇ: ಕಾಲುಬಾಯಿ ಜ್ವರದ್ದೊಂದು, ಜಂತುಹುಳದ್ದೊಂದು. ಇದೂ ಅದೇ ಇರಬೇಕೆಂದು ಅಕ್ಕಯಮ್ಮ ಎರಡು ಹೊತ್ತೂ ಕಲಗಚ್ಚಿಗೆ ಕಲಸಿ ಕೆಂಪಿಗೆ ಇಟ್ಟಿದ್ದಳು. ಕೆಂಪಿ ಬಾನಿ ನೆಕ್ಕಿ ಬೆಳಗುವಷ್ಟು ಚೊಕ್ಕಟ ಮಾಡಿ, ಅರ್ಧ ಸೇರು ಹಾಲು ಹೆಚ್ಚಿಗೆ ಕೊಟ್ಟಿತ್ತು. ಚಾಕಲೇಟನ್ನು ಮೊಮ್ಮಕ್ಕಳು ಮುಗಿಸಿದ್ದರು.

ಗೌರೀಶಂಕರ ನಿಯಮಾವಳಿಯನ್ನು ಎರಡು ಸಲ ಓದಿದ. ‘ಫಲಾನುಭವಿ’ ಎಂದಿತ್ತೇ ಹೊರತು ಮನುಷ್ಯನಾಗಿರಬೇಕೆಂದು ಎಲ್ಲೂ ಇರಲಿಲ್ಲ.

“ಹಸುಗೆ ಚಾಕಲೇಟಿನ ಅಭ್ಯಾಸ ಇತ್ತಾ?” ಎಂದು ಕೇಳಿದ.

“ಇಲ್ಲ ಸಾರ್.”

“ಹಾಗಿದ್ರೆ ಅದು ಬಿಡೋದಾದ್ರೂ ಏನನ್ನ ಸೇತುರಾಮ್? ಹೋಗಿ, ನಾಳೆಯಿಂದ ಶುರು ಮಾಡಿಸಿ.”

ಸೇತುರಾಮ ಹದಿನೈದು ದಿನ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಕೊಟ್ಟಿಗೆಗೆ ಹೋಗಿ ಕೆಂಪಿಯ ಬಾಯಿಗೆ ಚಾಕಲೇಟಿನ ಒಂದು ಚೂರು ಇಟ್ಟ. ಕೆಂಪಿ ಹದಿನೈದು ದಿನವೂ ಅದನ್ನು ಅವನ ಪಂಚೆಯ ಮೇಲೆ ಉಗಿಯಿತು. ಬಾಯಿಯೊಳಗೆ ಹೋದದ್ದು ಬಳಕೆ, ಹೊರಗೆ ಬಂದದ್ದು ತ್ಯಾಗ ಎಂದು ಗೌರೀಶಂಕರ ಷರಾ ಬರೆದ. ಫಾರಮ್ಮಿಗೆ ಕೆಂಪಿಯ ಗೊರಸಿನ ಗುರುತು ಒತ್ತಿಸಿ, ಗೊರಸು ಅದರದೇ ಎಂದು ಅಕ್ಕಯಮ್ಮನಿಂದ ಹೆಬ್ಬೆಟ್ಟು ಪಡೆದರು.

ಮಾರ್ಚ್ ಮೂವತ್ತರಂದು ಮೇಲಿನ ಕಚೇರಿಯ ಅನಂತರಾಮು ಎಂಬ ಹಿರಿಯ ಅಧಿಕಾರಿಗಳು ತನಿಖೆಗೆ ಬಂದರು. ಕೊಟ್ಟಿಗೆಯಲ್ಲಿ ಮೇಜು ಹಾಕಿ, ಮೇಜಿನ ಮೇಲೆ ಬಟ್ಟೆ ಹಾಸಿ, ಒಂದು ತಟ್ಟೆಯಲ್ಲಿ ಚಾಕಲೇಟು ಕೇಕು, ಇನ್ನೊಂದರಲ್ಲಿ ಕ್ಯಾರಬ್ ಕೇಕು ಇಟ್ಟಿದ್ದರು. ಎರಡನ್ನೂ ಸರಸ್ವತಿಯವರೇ ಮಾಡಿದ್ದರು. ಕೆಂಪಿಯನ್ನು ಬಿಚ್ಚಿದರು. ಅದು ಮೊದಲು ಅನಂತರಾಮು ಅವರ ಕೈಲಿದ್ದ ಕಡತದ ಮೂಲೆಯನ್ನು ಅಗಿಯಿತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಚಾಕಲೇಟಿನ ತಟ್ಟೆಯ ಹತ್ತಿರ ಮೂತಿ ತಂದು ನಿಂತಿತು. ಸೇತುರಾಮ ತನ್ನ ಮದುವೆಯಲ್ಲೂ ಅಷ್ಟು ಹೆದರಿರಲಿಲ್ಲ. ಕೆಂಪಿ ಒಂದು ಸಲ ಮೂಸಿ, ಸೀನಿ, ಮುಖ ತಿರುಗಿಸಿ, ಕ್ಯಾರಬ್ ಕೇಕನ್ನು ಅದರ ಕೆಳಗಿನ ಬಾಳೆಲೆಯ ಸಮೇತ ತಿಂದಿತು.

“ಬಿಟ್ಟಿದೆ,” ಎಂದು ಅನಂತರಾಮು ಬರೆದುಕೊಂಡರು.

ಉಳಿದ ತೊಂಬತ್ತೊಂಬತ್ತು ಮನೆಗಳ ಗತಿ ಏನೆಂದು ಗೌರೀಶಂಕರ ಹೆದರುತ್ತಲೇ ವಿಚಾರಿಸಿದ. ಅನಂತರಾಮು ಅವರಿಗೆ ಅದರಲ್ಲಿ ಸಂತೋಷವೇ ಕಂಡಿತು. ಕಚೇರಿ ತೆರೆದಾಗ ಬಿಡಿಸುವುದಕ್ಕೆ ಒಬ್ಬರೂ ಇರಲಿಲ್ಲ, ಈಗ ತೊಂಬತ್ತೊಂಬತ್ತು ಮನೆಗಳಿವೆ, ಇಷ್ಟು ಕೆಲಸ ಬಾಕಿಯಿರುವ ಕಚೇರಿಯನ್ನು ಮುಚ್ಚುವ ಪ್ರಶ್ನೆಯೇ ಏಳುವುದಿಲ್ಲ, ಎಂದರು.

ಏಪ್ರಿಲಿನಲ್ಲಿ ಆದೇಶ ಬಂತು. ಗೌರೀಶಂಕರನಿಗೆ ಬಡ್ತಿ. ಸೇತುರಾಮ ಕಾಯಂ. ಆದರೆ ಹುದ್ದೆಯ ಫಲಿತಾಂಶವೆಂದರೆ ಸದ್ಯಕ್ಕೆ ಒಂದೇ ಆದ್ದರಿಂದ, “ಸದರಿ ಹಸು ಜೀವಂತವಿದ್ದು ಚಾಕಲೇಟು ಬಿಟ್ಟಿರುವ ಪರ್ಯಂತ ಸದರಿ ಹುದ್ದೆಯೂ ಕಾಯಂ” ಎಂದಿತ್ತು.

ವಾರಿಜಾ ಆದೇಶವನ್ನು ದೀಪದ ಹತ್ತಿರ ಹಿಡಿದು ಓದಿದಳು.

“ಹಸುಗೆ ಎಷ್ಟು ವಯಸ್ಸು?” ಎಂದು ಕೇಳಿದಳು.

“ಒಂಬತ್ತು.”

ಅವಳು ಮರುದಿನ ಬೆಳಿಗ್ಗೆ ನಲ್ಲಿಯ ಸರದಿ ಬಿಟ್ಟು, ಅಕ್ಕಿತವುಡು ಕಟ್ಟಿಕೊಂಡು ಯಡಿಯೂರಿಗೆ ಹೋದಳು. ಅಂದಿನಿಂದ ಕೆಂಪಿಗೆ ಮೈ ತೊಳೆಯುವುದು, ಉಣ್ಣೆಹುಳ ಕೀಳುವುದು ಅವಳ ಪಾಲಿನ ಕೆಲಸ. ಸೇತುರಾಮನ ಮೇಜನ್ನೂ ಕೊಟ್ಟಿಗೆಗೇ ಸಾಗಿಸಿದರು. ದಾರಿಯಲ್ಲಿ ಸಿಕ್ಕ ಜಯನಗರದವರು ಅವನನ್ನು ಆಫೀಸು ಹೇಗಿದೆ ಎಂದು ಕೇಳುತ್ತಿದ್ದರು. ಅವನು ಚೆನ್ನಾಗಿ ಮೆಲುಕು ಹಾಕ್ತಾ ಇದೆ ಎನ್ನುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಸೈಟಿನ ಅರ್ಜಿಯಲ್ಲಿ ‘ಸೇವೆ ಎಲ್ಲಿಯವರೆಗೆ’ ಎಂಬಲ್ಲಿ ದನದ ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿದ್ದಕ್ಕೂ ಯಾರೂ ಆಕ್ಷೇಪಣೆ ಎತ್ತಲಿಲ್ಲ.

ಶ್ರಾವಣದಲ್ಲಿ ಕೆಂಪಿ ಕರು ಹಾಕಿತು. ಹೆಣ್ಣು ಕರು. ವಾರಿಜಾ ಬೆರಳು ಮಡಿಸಿ ಎಣಿಸಿ ನೋಡಿದಳು. ಕರು ಹದಿನೆಂಟು ವರ್ಷ ಬದುಕಿದರೆ ಯಜಮಾನರಿಗೆ ಪಿಂಚಣಿಯಾಗುತ್ತದೆ. ಅವಳು ಕೊಟ್ಟಿಗೆಯ ಕಂಬ ಹಿಡಿದುಕೊಂಡು ಗಳಗಳನೆ ಅತ್ತಳು. ಆ ಅಳುವಿನಲ್ಲಿ ಹೇಳತೀರದಷ್ಟು ಸುಖವಿತ್ತು.

ಸೇತುರಾಮ ಆಗಲೇ ಮೇಜಿನ ಮುಂದೆ ಕೂತು ಬರೆಯುತ್ತಿದ್ದ: “ನವಜಾತ ಕರುವಿಗೆ ಈ ತನಕ ಚಾಕಲೇಟಿನ ಅಭ್ಯಾಸವಿರುವುದಿಲ್ಲ. ಮುಂದೆ ಬಿಡಿಸಲು ಅನುಕೂಲವಾಗುವಂತೆ ಎರಡು ಡಬ್ಬಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.”

ಡಬ್ಬಿಗಳು ವಾರದೊಳಗೆ ಬಂದವು. ವಾರಿಜಾ ಅವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ, ಕರು ದೊಡ್ಡದಾಗುವವರೆಗೆ ಯಾರೂ ಮುಟ್ಟಕೂಡದೆಂದಳು.