ಕಂಬದ ಮೇಲೆ ಗಂಡ, ಬ್ರೇಕರ್ ಪಕ್ಕ ಹೆಂಡತಿ

ಕರೆಂಟಿನ ಕೆಲಸದಲ್ಲಿ ನಗೋ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಅವು ನಡೆಯೋ ಹೊತ್ತಿಗೆ ಮಾತ್ರ ನಗು ಬರೋದಿಲ್ಲ, ಕೈಕಾಲು ನಡುಗುತ್ತೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಳೇಬೀಡಿನ ಕಡೆ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಲೈನ್‌ಮನ್ ಕಂಬ ಹತ್ತೋಕೆ ಮುಂಚೆ ನನ್ನನ್ನ ಕೇಳಬೇಕು, ನಾನು ಬ್ರೇಕರ್ ತೆಗೆದು ಆ ಲೈನಿನ ಕರೆಂಟು ನಿಲ್ಲಿಸಬೇಕು. ಅದಕ್ಕೆ ಲೈನ್ ಕ್ಲಿಯರ್ ಅಂತೀವಿ. ಅವನು ಇಳಿದೆ ಅಂದಮೇಲೇ ಮತ್ತೆ ಹಾಕೋದು. ಒಂಚೂರು ಹೆಚ್ಚುಕಮ್ಮಿಯಾದರೆ ಮನುಷ್ಯ ಉಳಿಯೋದಿಲ್ಲ. ನಾನೋ ಮೊದಲೇ ಪುಕ್ಕಲ. ಅನ್ನ ಕಲಸುವಾಗಲೂ ಕಂಬದ ಮೇಲೆ ಯಾರಾದರೂ ಇದ್ದಾರಾ ಅಂತ ನೆನಪು ಮಾಡ್ಕೊಂಡೇ ತುತ್ತು ಎತ್ತುತ್ತಿದ್ದೆ.

ಫೋನಿನಲ್ಲಿ ಲೈನ್‌ಮನ್

ಆಗ ನಮಗಿದ್ದದ್ದು ಫೋನೊಂದೇ. ನಮ್ಮ ಲೈನ್‌ಮನ್ ಹುಲಿಕೆರೆಯ ಅಂಗಡಿಯಿಂದ ಫೋನ್ ಮಾಡಿ, ಲೈನ್ ಕ್ಲಿಯರ್ ತಗೊಂಡು ಕಂಬ ಹತ್ತಿದ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ಸಾರ್, ಕೆಲ್ಸ ಆಯ್ತು, ಕರೆಂಟ್ ಹಾಕಿ."

ಎದ್ದು ಬ್ರೇಕರ್ ಹತ್ತಿರ ಹೋಗಬೇಕು, ಯಾಕೋ ಮನಸ್ಸು ತಡೀತು. ದನಿ ಅವನದೇ ಇದ್ದಂಗಿತ್ತು, ಅವನದಲ್ಲ ಅನ್ನೋ ಹಂಗೂ ಇತ್ತು.

"ಕಂಬದಿಂದ ಇಳಿದೆಯೇನಪ್ಪಾ?"

"ಇಳಿದೆ ಸಾರ್. ಬಿರ್ರನೆ ಹಾಕಿ, ಅರ್ಧ ರಾಗಿ ಬೀಸಿದೀನಿ, ಇನ್ನರ್ಧ ಗಿರಣೀಲೇ ಕೂತೈತೆ!"

ಹುರುಳಿ ಸಾರು, ಓವರ್

ಲೈನ್‌ಮನ್‌ಗೆ ಗಿರಣಿಯಿಂದ ಯಾರೋ ಅವನ ದನಿಯಲ್ಲಿ ಫೋನ್ ಮಾಡಿದ್ದನ್ನ ಹೇಳಿದಾಗ ಅವನು ಅಲ್ಲೇ ಕುಕ್ಕರಿಸಿಬಿಟ್ಟ. ಅವತ್ತೇ ಇಬ್ಬರೂ ಒಂದು ಗುಟ್ಟಿನ ಗುರುತು ಮಾಡ್ಕೊಂಡೆವು. ಹತ್ತೋಕೆ ಮುಂಚೆ ಅವನು ತನ್ನ ಬುತ್ತೀಲಿ ಯಾವ ಸಾರು ಇದೆ ಅಂತ ಹೇಳಬೇಕು. ಇಳಿದಮೇಲೂ ಅದನ್ನೇ ಹೇಳಬೇಕು. ತಪ್ಪಿದರೆ ಕರೆಂಟಿಲ್ಲ.

ಅಷ್ಟರಲ್ಲಿ ವೈರ್‌ಲೆಸ್ ಸೆಟ್ ಬಂತು. ನಮಗೊಂದು, ಲೈನ್‌ಮನ್ ಜೀಪಿಗೊಂದು. ಮಾತು ಮುಗಿಸಿದಾಗಲೆಲ್ಲ ಓವರ್ ಅನ್ನಬೇಕು. ಆದರೆ ಅದರಲ್ಲಿ ಒಬ್ಬರು ಮಾತಾಡಿದರೆ ಬೇಲೂರು, ಅರಸೀಕೆರೆ ಸ್ಟೇಷನ್ನಿನವರಿಗೂ ಕೇಳುತ್ತೆ. ಒಂದಿನ ಲೈನ್‌ಮನ್ "ಹುರುಳಿ ಸಾರು, ಓವರ್" ಅಂದ. ಬೇಲೂರಿನ ಆಪರೇಟರ್ ಸುಮ್ಮನಿರಬಾರದೇ? "ಇವತ್ತೂ ಹುರುಳೀನಾ, ಪಾಪ, ಓವರ್" ಅಂದ.

ಮಧ್ಯಾಹ್ನ ಲೈನ್‌ಮನ್ ಕರೆದ. "ಸಾರ್, ಇಳಿದೆ. ಸೊಪ್ಪಿನ ಸಾರು, ಓವರ್."

ಬ್ರೇಕರಿನಿಂದ ಕೈ ಹಿಂದಕ್ಕೆಳೆದುಕೊಂಡೆ. ಇವನು ಯಾರು? ಜೀಪಿಗೆ ಯಾರು ನುಗ್ಗಿದ್ದಾರೆ? ಎಷ್ಟು ಗೋಗರೆದರೂ ಕರೆಂಟು ಹಾಕಲಿಲ್ಲ. ಹಳೇಬೀಡು ಪೂರ್ತಿ ಬೈತಿತ್ತು. ಕೊನೆಗೆ ಅವನೇ ಜೀಪು ಓಡಿಸ್ಕೊಂಡು ಬಂದು, ಬುತ್ತಿ ಡಬ್ಬ ತೆಗೆದು ನನ್ನ ಮೂಗಿಗೆ ಹಿಡಿದ.

"ನೋಡಿ ಸಾರ್, ಬೆಳಿಗ್ಗೆ ಹೆಂಡ್ತಿ ಹುರುಳಿ ಅಂದ್ಲು, ಬಿಚ್ಚಿದ್ರೆ ಸೊಪ್ಪೈತೆ! ಸುಳ್ಳು ಹೆಂಗೆ ಹೇಳ್ಲಿ?"

ತಾನೇ ಬೀಳೋ ಬ್ರೇಕರ್

ಕೆಲವು ವರ್ಷ ಕಳೆದಮೇಲೆ ನಮ್ಮ ಬ್ರೇಕರ್ ಪಕ್ಕ ಒಂದು ಪೆಟ್ಟಿಗೆ ಕೂರಿಸಿದರು, ಚಾವಣಿ ಮೇಲೊಂದು ಆಂಟೆನಾ ನಿಲ್ಲಿಸಿದರು. ಇನ್ನುಮೇಲೆ ದೂರದ ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಬಟನ್ ಒತ್ತಿದರೆ ಇಲ್ಲಿ ಬ್ರೇಕರ್ ತಾನೇ ಬಿದ್ದು ಲೈನಿಗೆ ಕರೆಂಟು ಹೋಗುತ್ತಂತೆ. ಅದನ್ನ ಪರೀಕ್ಷೆ ಮಾಡಿದ ದಿನ ಯಾರೂ ಮುಟ್ಟದೆ ಬ್ರೇಕರ್ ಧಡ್ ಅಂತು. ನಾನು ಅಂಗಳದಲ್ಲಿದ್ದೆ. ಯಾವಾಗ ಓಡಿದೆ ಅನ್ನೋದು ನನಗೇ ಗೊತ್ತಿಲ್ಲ.

ಲೈನ್‌ಮನ್ ಪೆಟ್ಟಿಗೆಗೆ ಒಂದು ಸುತ್ತು ಹಾಕಿ ಬಂದ. "ನಾನು ಕಂಬದ ಮೇಲಿದೀನಿ ಅಂತ ಆ ಪೆಟ್ಟಿಗೆಗೆ ಹೆಂಗೆ ಸಾರ್ ಗೊತ್ತಾಗ್ತದೆ?" ಅಂತ ಪೆಟ್ಟಿಗೆ ಕೂರಿಸೋಕೆ ಬಂದಿದ್ದ ಇಂಜಿನಿಯರನ್ನ ಕೇಳಿದ.

"ಪೆಟ್ಟಿಗೆಯ ಈ ಹಿಡಿಯನ್ನ ಲೋಕಲ್, ಅಂದ್ರೆ ಇಲ್ಲಿನ ಕಡೆ ತಿರುಗಿಸಿದ್ರೆ ಅಲ್ಲಿಂದ ಯಾರು ಒತ್ತಿದ್ರೂ ಬೀಳಲ್ಲ ಕಣಯ್ಯ."

ಲೈನ್‌ಮನ್ ತಲೆಯಾಡಿಸಿದ. ಮಾರನೇ ದಿನ ಹೆಂಡತಿಯನ್ನ ಕರ್ಕೊಂಡು ಬಂದ.

"ಇವ್ಳು ಆ ಹಿಡಿ ಪಕ್ಕ ಕೂತಿರ್ತಾಳೆ ಸಾರ್. ನಾನು ಇಳ್ದು ಬತ್ತೀನಿ, ಆಮೇಲೆ ಏಳ್ತಾಳೆ."

ಆಯಮ್ಮ ಸೆರಗು ಸಿಕ್ಕಿಸಿ, ಮೊರದ ತುಂಬ ಅವರೆಕಾಯಿ ಸುಲಿಯುತ್ತಾ ಕೂತರು. ಕಂಬದ ಕೆಲಸ ಇದ್ದ ದಿನವೆಲ್ಲ ಇದೇ ಆಯ್ತು. ಹೊರಗಿನವರು ಬರಬಾರದು ಅಂತ ನಿಯಮ ಹೇಳೋಕೆ ಹೋದೆ. "ನಾನು ಹೊರಗಿನೋಳಾದ್ರೆ ಕಂಬದ ಮೇಲಿರೋನು ಯಾರು?" ಅಂದರು. ನಾನೂ ಕೂತು ಅವರೆಕಾಯಿ ಸುಲಿದೆ.

ಎಲ್ರೂ ಹೊರಗೆ

ಒಂದು ದಿನ ಲೈನ್‌ಮನ್ ಕಂಬದ ಮೇಲಿದ್ದ. ಯಾರೋ ದೊಡ್ಡವರು ದೇವಸ್ಥಾನ ನೋಡೋಕೆ ಬರ್ತಿದ್ದರಂತೆ. ವೈರ್‌ಲೆಸ್ಸಿನಲ್ಲಿ ಕಂಟ್ರೋಲ್ ರೂಮಿನ ಸಾಹೇಬರ ದನಿ ಗುಡುಗಿತು.

"ಹಳೇಬೀಡಿಗೆ ಯಾಕ್ರೀ ಕರೆಂಟಿಲ್ಲ? ಹಾಕ್ತೀರೋ, ಇಲ್ಲಿಂದ ನಾನೇ ಹಾಕ್ಲೋ?"

"ಸಾರ್, ಬೇಡ! ಕಂಬದ ಮೇಲೆ ಮನುಷ್ಯ ಇದಾನೆ!" ಅಂತ ಕಿರುಚಿದೆ. ಆದರೆ ಆ ಸೆಟ್ಟಿನಲ್ಲಿ ಅವರು ಬಟನ್ ಹಿಡಿದು ಮಾತಾಡ್ತಾ ಇರೋವರೆಗೂ ನಮ್ಮ ಮಾತು ಅವರಿಗೆ ಕೇಳೋದಿಲ್ಲ. ಅವರು ಬಟನ್ ಬಿಡಲೇ ಇಲ್ಲ. ಬೈಯ್ತಾನೇ ಇದ್ದರು. ಹಿಡಿ ಲೋಕಲ್ ಕಡೆಗೇ ಇತ್ತು, ಕಣ್ಣಾರೆ ನೋಡಿದೆ, ಮುಟ್ಟಿಯೂ ನೋಡಿದೆ. ಆದರೂ ಪೆಟ್ಟಿಗೆ ಕೆಟ್ಟಿದ್ದರೆ? ದೇವರೇ, ಇವತ್ತೊಂದಿನ ಕಾಪಾಡು ಅಂದೆ.

ಸಾಹೇಬರು ಉಸಿರು ತಗೊಳ್ಳೋಕೆ ಬಟನ್ ಬಿಟ್ಟರು ನೋಡಿ, ಆಯಮ್ಮ ನನ್ನ ಕೈಯಿಂದ ಮೈಕು ಕಿತ್ಕೊಂಡರು.

"ಸ್ವಾಮಿ, ಕಂಬದ ಮೇಲೆ ನನ್ ಗಂಡ ಅವ್ನೆ. ಗುಂಡಿ ಒತ್ತೋದಾದ್ರೆ ಮೊದ್ಲು ನಿಮ್ಮನೆ ಎಲ್ಲೈತೆ ಹೇಳಿ. ನಾನೂ ಮಕ್ಳೂ ಗಂಟುಮೂಟೆ ಕಟ್ಕೊಂಡು ಇವತ್ತೇ ಬತ್ತೀವಿ."

ಆಮೇಲೆ ಸಾಹೇಬರ ದನಿ, ಬೆಣ್ಣೆ ಹಚ್ಚಿದಂಗೆ. "ಅಮ್ಮಾ, ಗೊತ್ತಿರ್ಲಿಲ್ಲ. ಕೈ ತೆಗೆದಿದೀನಿ."

"ಕೈ ತೆಗೆದ್ರೆ ಸಾಲ್ದು. ಎದ್ದು ಹೊರಗೆ ಹೋಗಿ ನಿಂತ್ಕೊಳಿ. ಅವ್ನು ಇಳಿದ್ಮೇಲೆ ಹೇಳ್ತೀನಿ."

"ಆಯ್ತಮ್ಮ, ಹೋಗ್ತೀನಿ."

ಬೇಲೂರಿನವನು ಹೆದರುತ್ತಾ ಕೇಳಿದ. "ಅಮ್ಮಾ, ನಾನೂ ಹೋಗ್ಬೇಕಾ, ಓವರ್?"

"ಎಲ್ರೂ ಹೋಗಿ!"

ಲೈನ್‌ಮನ್ ಕ್ಷೇಮವಾಗಿ ಇಳಿದು ಬಂದ. ಅವನನ್ನ ನೋಡಿದ್ದೇ ಆಯಮ್ಮ ಗೋಡೆಗೊರಗಿ ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು. ಕರೆಂಟು ಹಾಕಿದೆ, ಮೂವರೂ ಕಾಫಿ ಕುಡಿದೆವು. ನಡೆದದ್ದನ್ನೆಲ್ಲ ಕೇಳಿದ ಲೈನ್‌ಮನ್ ಲೋಟ ಕೆಳಗಿಟ್ಟ.

"ಅಲ್ವೇ, ಸಾಹೇಬ್ರಿಗೆ ಒಳಗೆ ಬನ್ನಿ ಅಂತ ಹೇಳಿದ್ಯಾ?"

ಆಯಮ್ಮ ಬಾಯಿಗೆ ಸೆರಗು ಹಿಡಿದರು. "ಅಯ್ಯೋ ಶಿವನೇ, ಮರೆತೇ ಹೋಯ್ತು!"